ಕಾಣೆಯಾದ ಸ್ವರಗಳ ಲೆಕ್ಕ

ಸಿಂಥಸೈಜರನ್ನು ಕಂಪ್ಯೂಟರಿನ ಸೀಕ್ವೆನ್ಸರಿಗೆ ಜೋಡಿಸಿ ನುಡಿಸುವಾಗ ಕೆಲವು ಸ್ವರಗಳು ಕೇಳಿಸದೆ ಹೋಗುವುದುಂಟು. ಒಡನೆಯೆ ತಂತಿಯನ್ನು ದೂಷಿಸುವುದು ವಾಡಿಕೆ. ಮೊದಲು ಲೆಕ್ಕ, ಅನಂತರ ದೂಷಣೆ ಎಂಬುದು ನಮ್ಮ ಮತ.

1983ರಲ್ಲಿ ಪ್ರಕಟವಾದ ಮಿಡಿ ಪದ್ಧತಿಯಂತೆ ಐದು ಪಿನ್ನಿನ ತಂತಿಯಲ್ಲಿ ಸೆಕೆಂಡಿಗೆ 31,250 ಬಿಟ್ಟುಗಳು ಹರಿಯುತ್ತವೆ. ಒಂದು ಸ್ವರವನ್ನು ಆರಂಭಿಸಲು 30 ಬಿಟ್ಟುಗಳು ಸಾಕು. ಎಂದರೆ ಸುಮಾರು ಒಂದು ಮಿಲಿಸೆಕೆಂಡು. ಹತ್ತು ಸ್ವರಗಳು ಒಟ್ಟಿಗೆ ಬಂದರೆ ಕಡೆಯದು ತುಸು ತಡವಾದೀತೇ ಹೊರತು ಕಾಣೆಯಾಗದು.

ಕಾರಣವು ಅನೇಕ ವೇಳೆ ವಾದ್ಯದಲ್ಲಿಯೇ ಇರುತ್ತದೆ. 1983ರ ಯಮಾಹಾ ಡಿಎಕ್ಸ್7 ಏಕಕಾಲಕ್ಕೆ 16 ಸ್ವರಗಳನ್ನಷ್ಟೇ ನುಡಿಸಬಲ್ಲದು. ಹದಿನೇಳನೆಯದು ಬಂದರೆ ಹಳೆಯದೊಂದು ಸ್ಥಳ ಬಿಡಬೇಕು. ಒತ್ತಿದ ಕೀಲಿಯ ಸಂದೇಶವು ಕಂಪ್ಯೂಟರಿಗೆ ಹೋಗಿ ಹಿಂದಿರುಗಿದರೆ, ಒಂದೇ ಸ್ವರ ಎರಡು ಸ್ಥಾನಗಳನ್ನು ಹಿಡಿಯಬಹುದು. ಅನೇಕ ವಾದ್ಯಗಳಲ್ಲಿ ‘ಲೋಕಲ್ ಕಂಟ್ರೋಲ್’ ಎಂಬುದನ್ನು ಆರಿಸಿದರೆ ಈ ತೊಡಕು ನೀಗುತ್ತದೆ.

ಸ್ವರವನ್ನು ಎಳೆದು ನಿಲ್ಲಿಸುವ ಪೆಡಲನ್ನು ಬಿಟ್ಟು ಅದೇ ಭಾಗವನ್ನು ನುಡಿಸಿ ನೋಡಿರಿ. ಸ್ವರ ಮರಳಿದರೆ ತಂತಿ ನಿರಪರಾಧಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎಲ್ಲವನ್ನೂ ಒಮ್ಮೆಗೇ ಬದಲಿಸಿದವನಿಗೆ ದೋಷ ಮಾಯವಾದರೂ ಕಾರಣ ತಿಳಿಯದು. ಕಾರಣ ತಿಳಿಯದ ದೋಷ ಮತ್ತೆ ಬಂದಾಗ ಅವನು ಮೊದಲಿನಷ್ಟೇ ಅಸಹಾಯಕ.