ಯಾವ ಸಬ್ಜೆಕ್ಟು ಅಂತ ಕೇಳಬೇಡಿ

ಪ್ರತಿ ಭಾನುವಾರ ಬೆಳಿಗ್ಗೆ ಹಾಸನದಿಂದ ಅತ್ತೆಯವರ ಫೋನು. ಮೊಮ್ಮಗನ ಊಟ, ಮಗನ ಬಿ.ಪಿ., ಇಲ್ಲಿನ ಚಳಿ ಎಲ್ಲ ವಿಚಾರಿಸಿದ ಮೇಲೆ ಕೊನೆಗೆ ನನ್ನ ಸರದಿ. 'ಕಾಲೇಜಿಗೆ ಸೇರ್ಕೊಂಡ್ಯಂತೆ, ಸಂತೋಷ ಕಣಮ್ಮ. ಯಾವ ಸಬ್ಜೆಕ್ಟು?'

'ಜನರಲ್ ಸ್ಟಡೀಸ್, ಅತ್ತೆ.'

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, 'ಅಲ್ಲೂ ಕೆಎಎಸ್ ಇದ್ಯಾ?'

ಅತ್ತೆಯವರದೇನೂ ತಪ್ಪಿಲ್ಲ. ನಮ್ಮ ಕಡೆ ಜನರಲ್ ಸ್ಟಡೀಸ್ ಅಂದರೆ ಪ್ರಿಲಿಮ್ಸ್ ಪೇಪರು. ವಿಜಯನಗರದ ಕೋಚಿಂಗ್ ಸೆಂಟರು, ದಪ್ಪ ಗೈಡು. ಅದೇ ಹೆಸರಿನಲ್ಲಿ ಒಂದು ಡಿಗ್ರಿ ಇದೆ, ಅದನ್ನು ನಲವತ್ತಾರರ ಸೊಸೆ ರಾತ್ರಿ ಒಂಬತ್ತೂವರೆವರೆಗೆ ಕ್ಲಾಸಿನಲ್ಲಿ ಕೂತು ಓದುತ್ತಾಳೆ ಅಂದರೆ ಯಾರಿಗೆ ಅರ್ಥವಾಗಬೇಕು?

ನಾನಿರುವ ಕ್ಯಾಲಿಫೋರ್ನಿಯಾದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ, ಓದುವವರು ಸುಮಾರು 20 ಲಕ್ಷ. ಹದಿನೆಂಟು ತುಂಬಿದ್ದರೆ ಸಾಕು, ಸೇರಬಹುದು. ಕಟ್ ಆಫ್ ಇಲ್ಲ, ಸಿಇಟಿ ಇಲ್ಲ, ಡೊನೇಷನ್ ಇಲ್ಲ. 1960ರಲ್ಲಿ ಈ ರಾಜ್ಯದವರು ಒಂದು ಮಾಸ್ಟರ್ ಪ್ಲಾನ್ ಮಾಡಿ, ತೀರಾ ಜಾಣರಿಗೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅವರ ನಂತರದವರಿಗೆ ಸ್ಟೇಟ್ ಯೂನಿವರ್ಸಿಟಿ, ಮಿಕ್ಕ ಎಲ್ಲರಿಗೂ ಇವು ಅಂತ ಹಂಚಿಟ್ಟರು. 'ಮಿಕ್ಕ ಎಲ್ಲರೂ' ಅನ್ನುವ ಆ ಪಾಲಿನಲ್ಲಿ ನನ್ನಂಥವರ ಸಂಸಾರವೇ ಇದೆ. 1984ರವರೆಗೆ ಪ್ರವೇಶ ಶುಲ್ಕವೇ ಇರಲಿಲ್ಲ. ಈಗ ಇಲ್ಲಿನ ನಿವಾಸಿಗಳಿಗೆ ಒಂದು ಯೂನಿಟ್‌ಗೆ (ಅಂದರೆ ಒಂದು ಕ್ರೆಡಿಟ್ಟಿಗೆ) 46 ಡಾಲರ್. ನನ್ನ ಎರಡು ವರ್ಷದ ಅಸೋಸಿಯೇಟ್ ಡಿಗ್ರಿಗೆ 60 ಯೂನಿಟ್ ಬೇಕು. ಗುಣಿಸಿದರೆ 2,760 ಡಾಲರ್. ಹೊರಗಿನವರು ಇದರ ಎಷ್ಟೋ ಪಟ್ಟು ಕಟ್ಟಬೇಕು, ಅದು ಬೇರೆ ಮಾತು. ಪುಸ್ತಕದ ಖರ್ಚು ಪ್ರತ್ಯೇಕ. ಆದರೆ ಪುಸ್ತಕಕ್ಕೆ ಕಾಸು ಕೊಡಬೇಕಿಲ್ಲದ ಕ್ಲಾಸುಗಳಿಗೆ ವೇಳಾಪಟ್ಟಿಯಲ್ಲೇ ಗುರುತು ಹಾಕಿರುತ್ತಾರೆ. ನಾನು ಮೊದಲು ಆ ಗುರುತು ನೋಡುತ್ತೇನೆ, ಆಮೇಲೆ ವಿಷಯ.

ನಾನು ಗಂಡನ ಕೆಲಸದ ವೀಸಾಕ್ಕೆ ಅಂಟಿಕೊಂಡ ಎಚ್-4 ವೀಸಾದಲ್ಲಿ ಬಂದವಳು. ಆಗ ಆ ವೀಸಾದವರು ದುಡಿಯುವಂತಿರಲಿಲ್ಲ, ಓದಬಹುದಿತ್ತು. ದುಡಿಯುವಂತಿಲ್ಲ ಅನ್ನುವುದನ್ನು ವಿಮಾನ ಹತ್ತುವ ಮೊದಲೇ ಹತ್ತು ಜನ ಹೇಳಿದರು. ಓದಬಹುದು ಅಂತ ಒಬ್ಬರಾದರೂ ಹೇಳಬೇಕಲ್ಲ! ಹದಿನೈದು ವರ್ಷ ಲಂಚ್ ಬಾಕ್ಸ್ ಕಟ್ಟಿದ ಮೇಲೆ, ಮಗನ ಹಳೇ ಪ್ರೈಮರಿ ಶಾಲೆಯಲ್ಲಿ ಟೀಚರ್‌ಗೆ ಸಹಾಯಕಿಯ ಕೆಲಸ ಖಾಲಿ ಇದೆ ಅಂತ ತಿಳಿಯಿತು. ಬಡ ಮಕ್ಕಳು ಹೆಚ್ಚಿರುವ, ಕೇಂದ್ರದ ಹಣ ಬರುವ ಶಾಲೆ ಅದು. ಅಂಥ ಕಡೆ ಆ ಕೆಲಸಕ್ಕೆ ಎರಡು ವರ್ಷದ ಕಾಲೇಜು ಓದಿರಬೇಕು, ಇಲ್ಲವೇ ಅಸೋಸಿಯೇಟ್ ಡಿಗ್ರಿ, ಅದೂ ಇಲ್ಲವೆಂದರೆ ಒಂದು ಪರೀಕ್ಷೆ ಪಾಸಾಗಿರಬೇಕು. ಯಾವ ಸಬ್ಜೆಕ್ಟು ಅಂತ ಕಾನೂನು ಕೇಳುವುದಿಲ್ಲ. ಅತ್ತೆಯವರಿಗಿಂತ ಕಾನೂನೇ ವಾಸಿ.

ಬಿ.ಎ. ಎರಡನೇ ವರ್ಷ ಮುಗಿಸಿ ಮದುವೆಯಾದವಳು ನಾನು. ಮಾರ್ಕ್ಸ್ ಕಾರ್ಡುಗಳನ್ನು ಅಪ್ಪ ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿ ಕೊಟ್ಟಿದ್ದರು. ಅಂಚಿನಲ್ಲಿ ಗಾಳಿಗುಳ್ಳೆ, ನಡುವೆ ನನ್ನ ಇಂಗ್ಲಿಷಿನ ಮೂವತ್ತೇಳು. ಅದನ್ನು ಹಿಡಿದು ಕೌನ್ಸೆಲರ್ ಮುಂದೆ ಕೂತರೆ ಆಕೆ ಪ್ಲಾಸ್ಟಿಕ್ಕನ್ನು ಬೆರಳಿನಿಂದ ತಟ್ಟಿ ನೋಡಿ ನಕ್ಕರು. 'ಇದಲ್ಲ, ಯೂನಿವರ್ಸಿಟಿಯಿಂದ ಸೀಲ್ ಮಾಡಿದ ಕವರ್ ಬರಬೇಕು, ಅದನ್ನು ಮೌಲ್ಯಮಾಪನ ಮಾಡುವ ಸಂಸ್ಥೆಗೆ ಕಳಿಸಬೇಕು' ಅಂದರು. ಆ ಕವರಿಗಾಗಿ ತಮ್ಮ ಎಷ್ಟು ಸಲ ಓಡಾಡಿದ ಅನ್ನುವುದು ಇನ್ನೊಂದು ವಾರದ ಅಂಕಣಕ್ಕಿರಲಿ. ಕವರ್ ಬಂತು. ನನ್ನ ಐಚ್ಛಿಕ ಕನ್ನಡ, ಇತಿಹಾಸ, ಅರ್ಥಶಾಸ್ತ್ರ ಬೇರೆ ಡಿಗ್ರಿಯಾಗಿದ್ದರೆ ಎಲ್ಲೂ ಕೂರುತ್ತಿರಲಿಲ್ಲ. ಇಲ್ಲಿ ಒಂದಿಷ್ಟು ಯೂನಿಟ್ ಆಗಿ ಕೂತವು.

ಈ ಡಿಗ್ರಿಯ ಗುಟ್ಟೇ ಅದು. ಯಾವುದಾದರೂ ಒಂದು ವಲಯದಲ್ಲಿ, ಅಂದರೆ ಕಲೆ-ಮಾನವಿಕವೋ ಸಮಾಜ ವಿಜ್ಞಾನವೋ, 18 ಯೂನಿಟ್ ಮಾಡಬೇಕು. ಇಂಗ್ಲಿಷ್, ಗಣಿತ, ಒಂದು ವಿಜ್ಞಾನ ಮುಂತಾದ ಸಾಮಾನ್ಯ ಶಿಕ್ಷಣಕ್ಕೆ ಇಪ್ಪತ್ತರ ಆಸುಪಾಸು. ಮಿಕ್ಕದ್ದು ನಿಮ್ಮಿಷ್ಟ. ಅರ್ಧಕ್ಕೆ ಬಿಟ್ಟ ನರ್ಸಿಂಗ್, ಎಂದೋ ಮಾಡಿದ ಅಕೌಂಟಿಂಗ್, ಹಾಸನದ ಕನ್ನಡ ಎಲ್ಲವನ್ನೂ ಸೇರಿಸಿ ಕೌದಿ ಹೊಲಿದಂತೆ. ಕೌದಿ ಚೆಂದವೇ, ಚಳಿಗೂ ಆಗುತ್ತದೆ. ಆದರೆ ಅದನ್ನು ಉಟ್ಟುಕೊಂಡು ಮದುವೆಗೆ ಹೋಗಲು ಬರುವುದಿಲ್ಲ.

ಇದು ನನಗೆ ತಿಳಿದದ್ದು ಮೂರನೇ ಸೆಮಿಸ್ಟರಿನಲ್ಲಿ. ಸಹಾಯಕಿ ಯಾಕೆ, ಟೀಚರೇ ಆಗೋಣ ಅನ್ನುವ ಹುಚ್ಚು ಹತ್ತಿತು. ಅದಕ್ಕೆ ನಾಲ್ಕು ವರ್ಷದ ಬ್ಯಾಚುಲರ್ ಡಿಗ್ರಿ ಬೇಕು. 2010ರ ಒಂದು ಕಾನೂನಿನ ಪ್ರಕಾರ ಇಲ್ಲಿ ಟ್ರಾನ್ಸ್‌ಫರ್‌ಗೆಂದೇ ಬೇರೆ ಅಸೋಸಿಯೇಟ್ ಡಿಗ್ರಿ ಇದೆ. ಅದನ್ನು ಮುಗಿಸಿದವರಿಗೆ ಸ್ಟೇಟ್ ಯೂನಿವರ್ಸಿಟಿಯಲ್ಲಿ ಎಲ್ಲಾದರೂ ಒಂದು ಕಡೆ ಜಾಗ ಖಾತ್ರಿ, ಓದಿದ್ದು ವ್ಯರ್ಥವಾಗುವ ಭಯವೂ ಕಡಿಮೆ. ನನ್ನ ಜನರಲ್ ಸ್ಟಡೀಸಿಗೆ ಆ ಖಾತ್ರಿ ಇಲ್ಲ. ಯಾವ ಕಾಲೇಜಿನ ಯಾವ ಕ್ಲಾಸು ಯಾವ ಯೂನಿವರ್ಸಿಟಿಯಲ್ಲಿ ಸಲ್ಲುತ್ತದೆ ಅಂತ ನೋಡಲು 'ಅಸಿಸ್ಟ್' ಅನ್ನುವ ವೆಬ್‌ಸೈಟೇ ಇದೆ. ನೋಡಿದೆ. ಬೆಳಗಿನ ಜಾವ ಎದ್ದು ಓದಿ 'ಎ' ತೆಗೆದ ಎರಡು ಕ್ಲಾಸು ನಾನು ಹೋಗಬೇಕೆಂದಿದ್ದ ಕಡೆ ಲೆಕ್ಕಕ್ಕೇ ಇಲ್ಲ. ಮೊದಲ ದಿನ ನನ್ನನ್ನು ಸೇರಿಸಿಕೊಂಡವರು 'ಫ್ಲೆಕ್ಸಿಬಲ್, ಫ್ಲೆಕ್ಸಿಬಲ್' ಅಂತ ಏಳು ಸಲ ಹೇಳಿದ್ದರು. ಮುಂದೆ ಎಲ್ಲಿಗೆ ಹೋಗಬೇಕೆಂದಿದ್ದೀರಿ ಅಂತ ಒಂದು ಸಲವೂ ಕೇಳಲಿಲ್ಲ. ನನ್ನೊಬ್ಬಳ ಗೋಳಲ್ಲ ಇದು. ಅಮೆರಿಕ ಸರ್ಕಾರದ್ದೇ ಲೆಕ್ಕಪರಿಶೋಧನಾ ಸಂಸ್ಥೆ 2017ರಲ್ಲಿ ಕೊಟ್ಟ ವರದಿಯಂತೆ, ಕಾಲೇಜು ಬದಲಿಸಿದ ವಿದ್ಯಾರ್ಥಿಗಳು ಅಂದಾಜು ಶೇ 43ರಷ್ಟು ಕ್ರೆಡಿಟ್ ಕಳೆದುಕೊಂಡಿದ್ದರು.

ಹಾಗಾಗಿ ಇಲ್ಲಿ ಸೇರಬೇಕು ಅಂತ ಕೇಳುವ ನಮ್ಮ ಹೆಣ್ಣುಮಕ್ಕಳಿಗೆ ನಾನು ಹೇಳುವುದಿಷ್ಟೇ: ಬರೀ ಒಂದು ಡಿಗ್ರಿ ಬೇಕಾ, ಕಣ್ಣು ಮುಚ್ಚಿ ಸೇರು. ಅದರಾಚೆ ಏನಾದರೂ ಬೇಕಾ, ಮೊದಲು ಅಸಿಸ್ಟ್ ನೋಡು, ಆಮೇಲೆ ಕೌನ್ಸೆಲರ್ ನೋಡು, ಕೊನೆಗೆ ಫೀಸು ಕಟ್ಟು. ಸಡಿಲ ಬಿಟ್ಟಷ್ಟೂ ನಾವೇ ಬಿಗಿಯಾಗಿ ಹಿಡಿದುಕೊಳ್ಳಬೇಕು.

ಹಾಗಂತ ಬೈಯಲೂ ಮನಸ್ಸು ಬಾರದು. ಮಂಗಳವಾರ ರಾತ್ರಿಯ ಎಥ್ನಿಕ್ ಸ್ಟಡೀಸ್ ಕ್ಲಾಸಿನಲ್ಲಿ ನನ್ನ ಎಡಕ್ಕೆ ಆಸ್ಪತ್ರೆಯ ನೀಲಿ ಬಟ್ಟೆಯಲ್ಲೇ ಓಡಿಬರುವ ಹುಡುಗಿ, ಬಲಕ್ಕೆ ಸೈನ್ಯದಿಂದ ನಿವೃತ್ತರಾದ ಅಜ್ಜ. ಹಿಂದಿನ ಸಾಲಿನ ಹತ್ತೊಂಬತ್ತರ ಹುಡುಗ ನಿದ್ದೆ ಹೋದರೆ ಅಜ್ಜ ಪೆನ್ನಿನಿಂದ ತಿವಿದು ಎಬ್ಬಿಸುತ್ತಾರೆ. ಭಗತ್ ಸಿಂಗ್ ಥಿಂಡ್ ಹೆಸರು ನಾನು ಮೊದಲು ಕೇಳಿದ್ದು ಅಲ್ಲೇ. ಅಮೆರಿಕದ ಸೈನ್ಯದಲ್ಲಿ ದುಡಿದ ಪಂಜಾಬಿ. ಭಾರತೀಯರು ಕಾನೂನಿನ ಮಾತಿನಲ್ಲಿ ಬಿಳಿಯರಲ್ಲ, ಆದ್ದರಿಂದ ಪೌರತ್ವ ಇಲ್ಲ ಅಂತ 1923ರಲ್ಲಿ ಆತನ ಮೊಕದ್ದಮೆಯಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನನ್ನ ಪಾಸ್‌ಪೋರ್ಟ್ ಇಟ್ಟಿರುವ ಸ್ಟೀಲ್ ಡಬ್ಬಿ ನೆನಪಾಯಿತು. ಈ ಕ್ಲಾಸು ಎಲ್ಲಿಗೆ ಟ್ರಾನ್ಸ್‌ಫರ್ ಆಗುತ್ತೆ ಅಂತ ಅವತ್ತು ನೋಡಲೇ ಇಲ್ಲ.

ಓದನ್ನು ಅರ್ಧಕ್ಕೆ ಬಿಟ್ಟವರಿಗೆ ಊರಿನಲ್ಲೂ ಇಂಥದ್ದೊಂದು ಬಾಗಿಲು ತೆರೆದಿತ್ತು. 2021ರಲ್ಲಿ ಕರ್ನಾಟಕ ಹೊಸ ಶಿಕ್ಷಣ ನೀತಿ ತಂದಾಗ ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟು, ಎರಡಕ್ಕೆ ಬಿಟ್ಟರೆ ಡಿಪ್ಲೊಮಾ ಅಂತ ಇತ್ತು. 2024ರಲ್ಲಿ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿದರು. ಆ ನೀತಿಯ ಸರಿತಪ್ಪು ದೊಡ್ಡವರು ಮಾತಾಡಲಿ. ನನ್ನ ಕಾಲದಲ್ಲಿ ಎರಡು ವರ್ಷಕ್ಕೊಂದು ಹೆಸರು ಇದ್ದಿದ್ದರೆ ಬಯೋಡೇಟಾದಲ್ಲಿ 'ಬಿ.ಎ. ಡಿಸ್ಕಂಟಿನ್ಯೂ' ಅಂತ ಬರೆಯುವುದು ತಪ್ಪುತ್ತಿತ್ತು.

ಇನ್ನು ಮೂರು ಯೂನಿಟ್ ಬಾಕಿ. ಏನು ಬೇಕಾದರೂ ತಗೋಬಹುದು. ಮಗ ಕಂಪ್ಯೂಟರ್ ಅಂದ, ಇವರು ಅಕೌಂಟಿಂಗ್ ಅಂದರು, ನಾನು ಮಣ್ಣಿನ ಪಾತ್ರೆ ಮಾಡುವ ಕ್ಲಾಸಿಗೆ ಹೆಸರು ಕೊಟ್ಟೆ. ಸೀಟು ತುಂಬಿದೆ, ವೇಟಿಂಗ್ ಲಿಸ್ಟಿನಲ್ಲಿ ನಾಲ್ಕನೆಯವಳು. ಮೊದಲ ದಿನ ನಾಲ್ಕು ಜನ ಬರದೆ ಹೋದರೆ ಮೇಷ್ಟ್ರು ಒಳಗೆ ಕರೆದುಕೊಳ್ಳುತ್ತಾರಂತೆ. ಸೋಮವಾರ ಅರ್ಧ ಗಂಟೆ ಮುಂಚೆಯೇ ಹೋಗಿ ಬಾಗಿಲಲ್ಲಿ ನಿಲ್ಲುತ್ತೇನೆ, ಹಳೇ ಸೀರೆ ಹರಿದು ಹೊಲಿದ ಏಪ್ರನ್ ಬ್ಯಾಗಿನಲ್ಲಿಟ್ಟುಕೊಂಡು.