ಒಂದು ಎಕರೆಯಲ್ಲಿ ಮಗಳ ಏಳು ಗುಂಟೆ

ಹೈಸ್ಕೂಲು ವಿದ್ಯಾರ್ಥಿಗಳಿಗೆ ಈ ವಾರ ಒಂದು ಲೆಕ್ಕ. ಮಾಲೂರಿನ ಅಂಚಿನಲ್ಲಿ ಕನ್ವರ್ಷನ್ ಆದ ಒಂದು ಎಕರೆ ಜಾಗವಿದೆ ಎನ್ನಿ. ಅದರ ಒಡೆಯ, ಒಬ್ಬ ಮುಸ್ಲಿಂ ಗೃಹಸ್ಥ, ತೀರಿಕೊಂಡಿದ್ದಾನೆ. ಅವನ ತಂದೆ ತಾಯಿ ಮೊದಲೇ ಹೋದವರು. ಉಳಿದವರು ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಯಾರ ಪಾಲು ಎಷ್ಟು?

ಹಂಚುವ ಮುನ್ನ ಮಣ್ಣಿನ ಖರ್ಚು, ಸಾಲ ತೀರಬೇಕು. ಹೆಂಡತಿಗೆ ಕೊಡದೆ ಉಳಿಸಿಕೊಂಡ ಮೆಹರ್ ಕೂಡ ಸಾಲವೇ. ಇದನ್ನು ಮರೆಯುವವರೇ ಹೆಚ್ಚು. ಆಮೇಲೆ ಹೆಂಡತಿಗೆ ಎಂಟರಲ್ಲೊಂದು ಪಾಲು. ಮಿಕ್ಕಿದ್ದರಲ್ಲಿ ಗಂಡುಮಗನಿಗೆ ಎರಡು, ಮಗಳಿಗೆ ಒಂದು. ಅಂದರೆ ಐದು ಭಾಗ. 8 ಮತ್ತು 5ರ ಲ.ಸಾ.ಅ. 40. ಎಕರೆಗೂ 40 ಗುಂಟೆಯೇ! ತಾಯಿಗೆ 5 ಗುಂಟೆ, ಮಗಳಿಗೆ 7, ಗಂಡುಮಕ್ಕಳಿಗೆ ತಲಾ 14.

ಇಂಥ ಲೆಕ್ಕಗಳಿಗೂ ಬೀಜಗಣಿತಕ್ಕೂ ಹಳೆಯ ನಂಟು. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನ ಅಲ್ ಖ್ವಾರಿಜ್ಮಿ ಬರೆದ ಗ್ರಂಥದ ಹೆಸರಿನಿಂದಲೇ ‘ಆಲ್ಜೀಬ್ರಾ’ ಎಂಬ ಪದ ಹುಟ್ಟಿತು. ಆ ಗ್ರಂಥದ ಸುಮಾರು ಅರ್ಧದಷ್ಟು ಪುಟಗಳು ಮೀಸಲಾಗಿರುವುದು ಉಯಿಲು ಮತ್ತು ವಾರಸು ಹಂಚಿಕೆಯ ಸಮಸ್ಯೆಗಳಿಗೆ. x, y ಎಂದರೆ ಮುಖ ತಿರುಗಿಸುವ ಮಕ್ಕಳಿಗೆ ಇದನ್ನು ಹೇಳಬಹುದು.

ಮಗಳಿಗೇಕೆ ಅರ್ಧ? ಸಾಂಪ್ರದಾಯಿಕ ಉತ್ತರವೆಂದರೆ, ಸಂಸಾರ ಸಾಕುವ ಹೊಣೆ ಗಂಡಸಿನದು. ಹೆಣ್ಣಿನ ಮೆಹರ್, ಆಸ್ತಿ, ಗಳಿಕೆ ಪೂರ್ತಿ ಅವಳದೇ, ಮನೆಖರ್ಚಿಗೆ ಹಾಕಬೇಕೆಂಬ ನಿಯಮವಿಲ್ಲ. ಏಳನೆಯ ಶತಮಾನದಲ್ಲಿ ಹೆಣ್ಣಿಗೆ ಖಚಿತವಾದ ಪಾಲು ಗೊತ್ತುಮಾಡಿದ್ದು ಸಣ್ಣ ಮಾತಲ್ಲ. ನಮ್ಮಲ್ಲಿ ಹಿಂದೂ ಮಗಳಿಗೆ ಪಿತ್ರಾರ್ಜಿತದಲ್ಲಿ ಅಣ್ಣತಮ್ಮಂದಿರ ಸಮನಾದ ಹಕ್ಕು ಬಂದದ್ದು 1994ರ ಕರ್ನಾಟಕ ತಿದ್ದುಪಡಿಯಿಂದ, ಅದೂ ಅಷ್ಟರೊಳಗೆ ಮದುವೆಯಾಗದವರಿಗೆ ಮಾತ್ರ. ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ಆದರೆ ಮುಂಜಾನೆ ಟಿಫಿನ್ ಡಬ್ಬಿ ಹಿಡಿದು ನರಸಾಪುರದ ಕಾರ್ಖಾನೆ ಬಸ್ಸು ಹತ್ತುವ ಹುಡುಗಿಯ ಸಂಬಳದಲ್ಲೇ ಮನೆ ನಡೆಯುತ್ತಿದ್ದರೆ, ಆ ಉತ್ತರ ಅವಳಿಗೆ ಒಪ್ಪುವುದು ಕಷ್ಟ.

ಇನ್ನೊಂದು ಮಾತು. ಕಾಗದದ ಮೇಲಿನ ಏಳು ಗುಂಟೆ ಕೈಗೆ ಬಂದೇಬರುತ್ತದೆಂದಿಲ್ಲ. ಕೋಲಾರವಿರಲಿ, ಮುಳಬಾಗಿಲಿರಲಿ, ಶ್ರೀನಿವಾಸಪುರವಿರಲಿ, ‘ತಂಗಿ, ಇಲ್ಲೊಂದು ಸೈನ್ ಹಾಕಮ್ಮ’ ಎಂದು ಹಕ್ಕು ಬಿಡುಗಡೆ ಪತ್ರ ಮುಂದಿಟ್ಟರೆ, ತವರಿನ ಬಾಗಿಲು ಮುಚ್ಚೀತೆಂದು ಹೆದರಿ ಸಹಿ ಮಾಡುವ ಹೆಣ್ಣುಮಕ್ಕಳು ಎಲ್ಲ ಜಾತಿ ಮತಗಳಲ್ಲೂ ಉಂಟು. ಇದು ಧರ್ಮ ಹೇಳಿದ್ದಲ್ಲ. ಅರ್ಧ ಪಾಲನ್ನು ಸಮರ್ಥಿಸಲು ಗ್ರಂಥ ತೆರೆಯುವವರು ಆ ಅರ್ಧವನ್ನೂ ಬಿಡಿಸಿಕೊಳ್ಳುವಾಗ ಅದನ್ನು ಮುಚ್ಚಿಡುತ್ತಾರೆ.

ಗಂಡುಮಗನೇ ಇಲ್ಲದಿದ್ದರೆ? ತಾಯಿ ಮತ್ತು ಮೂವರು ಹೆಣ್ಣುಮಕ್ಕಳಿರುವ ಮನೆಯಲ್ಲಿ, ಸುನ್ನಿ ಪದ್ಧತಿಯಂತೆ, ಆಸ್ತಿಯನ್ನು 24 ಭಾಗ ಮಾಡಿದರೆ ತಾಯಿಗೆ 3, ಮಕ್ಕಳೆಲ್ಲರಿಗೂ ಸೇರಿ 16. ಮಿಕ್ಕ 5 ತೀರಿಕೊಂಡವನ ಒಡಹುಟ್ಟಿದವರಿಗೆ. ಕಾಸರಗೋಡು ಜಿಲ್ಲೆಯ ಕಾಞಂಗಾಡಿನ ವಕೀಲ, ಚಿತ್ರನಟ ಸಿ. ಶುಕ್ಕೂರ್ ಮತ್ತು ಡಾ. ಶೀನಾ ದಂಪತಿಗೆ ಇದು ಒಪ್ಪಿಗೆಯಾಗಲಿಲ್ಲ. ಅವರಿಗೂ ಮೂವರು ಹೆಣ್ಣುಮಕ್ಕಳು. 1994ರಲ್ಲಿ ನಿಕಾಹ್ ಆಗಿದ್ದ ಅವರು 2023ರ ಮಾರ್ಚ್ 8ರಂದು, ಮಹಿಳಾ ದಿನದಂದೇ, ವಿಶೇಷ ವಿವಾಹ ಕಾಯ್ದೆಯಡಿ ಮತ್ತೆ ಮದುವೆಯಾದರು. ಹಾಗೆ ಮಾಡಿದರೆ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸಿ ಆಸ್ತಿ ಮಕ್ಕಳಿಗೇ ಸಲ್ಲುತ್ತದೆಂಬುದು ಅವರ ಲೆಕ್ಕ. ಟೀಕೆ, ವಿರೋಧ ಎರಡೂ ಬಂದವು.

ಅಷ್ಟು ದೂರ ಹೋಗಲು ಮನಸ್ಸಿಲ್ಲದ ತಂದೆತಾಯಿಗಳಿಗೆ ಷರೀಯತ್ತಿನೊಳಗೇ ‘ಹಿಬಾ’ ಎಂಬ ದಾರಿಯಿದೆ. ಬದುಕಿರುವಾಗ ಕೊಡುವ ದಾನಕ್ಕೆ ಎರಡಕ್ಕೊಂದರ ನಿಯಮವಿಲ್ಲ. ಮಗ, ಮಗಳು ಇಬ್ಬರಿಗೂ ಸಮನಾಗಿ ಕೊಡಬಹುದು. ಆದರೆ ಕೊಟ್ಟೆನೆಂದು ಹೇಳಿದರೆ ಸಾಲದು. ಮಗಳು ಒಪ್ಪಿ ಪಡೆಯಬೇಕು, ಸ್ವಾಧೀನವನ್ನೂ ಅವಳಿಗೆ ಬಿಟ್ಟುಕೊಡಬೇಕು. ಬಾಯಿಮಾತಿನ ಹಿಬಾವನ್ನೂ ಕಾನೂನು ಒಪ್ಪುತ್ತದೆ. ಆದರೂ ನಾಳೆ ಕೋರ್ಟಿಗೆ ಅಲೆಯುವುದು ಅವಳೇ ಆದ್ದರಿಂದ, ಕಾಗದ ಮಾಡಿಸಿ ಖಾತೆಯನ್ನೂ ಅವಳ ಹೆಸರಿಗೆ ಬದಲಾಯಿಸಿಬಿಡುವುದು ಒಳ್ಳೆಯದು.