ಸೌದೆಯ ಲೆಕ್ಕ ಮೊದಲು, ಯಂತ್ರ ಆಮೇಲೆ

ಜೂನ್ ತಿಂಗಳ ಗಾಳಿಮಳೆಗೆ ಕಾಡಿನ ನಡುವಿನ ವಿದ್ಯುತ್ ತಂತಿಯ ಮೇಲೆ ಒಂದು ಮರ ಉರುಳಿದರೆ ಸಾಕು, ಮಲೆನಾಡಿನ ಒಳಗಿನ ಊರುಗಳಲ್ಲಿ ಮತ್ತೆ ದೀಪ ಹೊತ್ತಲು ದಿನಗಟ್ಟಲೆ ಕಾಯಬೇಕಾಗುತ್ತದೆ. ದೇಶದ ಎಲ್ಲ ಹಳ್ಳಿಗಳಿಗೂ ವಿದ್ಯುತ್ ತಲುಪಿತೆಂದು ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಘೋಷಿಸಿತು. ಆದರೆ ಊರಿಗೆ ಕಂಬ ಬರುವುದು ಬೇರೆ, ಮಳೆಗಾಲದ ರಾತ್ರಿ ಮನೆಯಲ್ಲಿ ದೀಪ ಉರಿಯುವುದು ಬೇರೆ. ಸೌರಫಲಕಗಳು ಹಿಂದಿಗಿಂತ ಬಹಳ ಅಗ್ಗವಾಗಿವೆ, ನಿಜ. ಸೂರ್ಯನ ಮುಖವೇ ಕಾಣದ ಆಷಾಢ, ಶ್ರಾವಣಗಳಲ್ಲಿ, ಅಂದರೆ ತಂತಿ ಕೈಕೊಡುವ ಅದೇ ತಿಂಗಳುಗಳಲ್ಲಿ, ಅವೂ ಸೊರಗುತ್ತವೆ. ವರ್ಷದ ಬಹುಕಾಲ ಹರಿಯುವ, ಇಳಿಜಾರಿನ ಹಳ್ಳವಿರುವ ಊರಿಗೆ ಕಿರು ಜಲವಿದ್ಯುತ್ತೇ ಲೇಸು. ಅಂಥ ಹಳ್ಳವಿಲ್ಲದ ಊರುಗಳು ಸೌದೆಯಿಂದ ವಿದ್ಯುತ್ ಪಡೆಯುವ ಸಣ್ಣ ಘಟಕಗಳತ್ತ ನೋಡುವುದು ಸಹಜವಾಗಿದೆ.

ಇದು ಹೊಸ ಕನಸೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ 'ಅಸ್ತ್ರ' ಕೇಂದ್ರದ ವಿಜ್ಞಾನಿಗಳು, ಬಯಲುಸೀಮೆಯ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲೇ ಇಂಥದೊಂದು ಘಟಕವನ್ನು ನಡೆಸಿ ತೋರಿಸಿದರು. ಅಲ್ಲಿ ಸುಮಾರು 35 ಮನೆಗಳಿದ್ದವು, ವಿದ್ಯುತ್ ಇರಲಿಲ್ಲ. ಗ್ಯಾಸಿಫೈಯರ್ ಎಂಬ ಕುಲುಮೆಯಲ್ಲಿ ಸೌದೆಯ ತುಂಡುಗಳನ್ನು ಕಡಿಮೆ ಗಾಳಿಯಲ್ಲಿ ಅರೆಬರೆ ಸುಟ್ಟಾಗ ಉರಿಯುವ ಅನಿಲ ಹೊರಡುತ್ತದೆ. ಅದನ್ನು ತಣಿಸಿ, ಸೋಸಿ ಡೀಸೆಲ್ ಎಂಜಿನ್ನಿಗೆ ಕೊಟ್ಟರೆ ಡೀಸೆಲ್ಲಿನ ಹೆಚ್ಚಿನ ಭಾಗ ಉಳಿಯುತ್ತದೆ. ಸಣ್ಣ ಎಂಜಿನ್ನಿನಿಂದ ಮನೆದೀಪಗಳಿಗೆಂದು ಶುರುವಾದ ಹೊಸಹಳ್ಳಿಯ ಘಟಕ ಮುಂದೆ 20 ಕಿಲೋವಾಟ್‌ಗೆ ಬೆಳೆಯಿತು. ಕುಡಿಯುವ ನೀರೆತ್ತಿತು, ಹಿಟ್ಟಿನ ಗಿರಣಿ ತಿರುಗಿಸಿತು, ಹೊಲಕ್ಕೆ ನೀರು ಹಾಯಿಸಿತು. 1998ರಿಂದ 2003ರವರೆಗಿನ ಆರು ವರ್ಷಗಳಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ದಿನ ದೀಪ, ನೀರುಗಳನ್ನು ಒದಗಿಸಿತು. ಮಳೆಗಾಲದಲ್ಲಿ ಎಷ್ಟು ತಂತಿಜಾಲಗಳು ಈ ಮಾತನ್ನು ಹೇಳಿಕೊಳ್ಳಬಲ್ಲವು?

ಹೊಸಹಳ್ಳಿಯ ಲೆಕ್ಕಪತ್ರದಲ್ಲಿ ಇನ್ನೊಂದು ಅಂಶವಿದೆ. ಯಂತ್ರ ಮಾರುವವರು ಅದನ್ನು ಹೇಳುವುದಿಲ್ಲ. 20 ಕಿಲೋವಾಟ್ ಪೂರ್ಣ ಹೊರೆಯಲ್ಲಿ ಓಡಿದಾಗ ಇಂಧನ ಮತ್ತು ನಿರ್ವಹಣೆಯ ಖರ್ಚು ಯೂನಿಟ್ಟಿಗೆ 3.34 ರೂಪಾಯಿ, ಐದೇ ಕಿಲೋವಾಟ್ ಹೊರೆಯಲ್ಲಿ ಓಡಿದಾಗ 5.85 ರೂಪಾಯಿ. ಅಂದಿನ ಬೆಲೆಗಳು ಇಂದಿಲ್ಲ, ಆದರೆ ಅವುಗಳ ನಡುವಿನ ಅಂತರ ಪಾಠ ಹೇಳುತ್ತದೆ. ಸಂಜೆ ನಾಲ್ಕು ತಾಸು ಬಲ್ಬು ಉರಿಸುವುದಕ್ಕಷ್ಟೇ ದೊಡ್ಡ ಘಟಕ ತಂದ ಊರು ಪ್ರತಿ ಯೂನಿಟ್ಟಿಗೂ ದಂಡ ತೆರುತ್ತದೆ. ಗಿರಣಿಯೋ, ಪಂಪೋ, ಅಡಿಕೆ ಸುಲಿಯುವ ಯಂತ್ರವೋ ಹಗಲಿನಲ್ಲಿ ನಡೆದರೆ ಮಾತ್ರ ರಾತ್ರಿಯ ದೀಪ ಅಗ್ಗವಾಗುತ್ತದೆ. ಹಗಲಿನ ಕೆಲಸವಿಲ್ಲದ ಊರು ಚಿಕ್ಕ ಘಟಕಕ್ಕೇ ತೃಪ್ತಿಪಡಬೇಕು.

ಇನ್ನು ಸೌದೆ. ಗ್ಯಾಸಿಫೈಯರ್‌ಗೆ ಹಸಿ ಸೌದೆ ಆಗದು. ತೇವಾಂಶ ನೂರಕ್ಕೆ ಇಪ್ಪತ್ತನ್ನು ಮೀರಿದರೆ ಅನಿಲ ಸೊರಗಿ, ಡಾಂಬರು ಹೆಚ್ಚಿ ಎಂಜಿನ್ ಕಟ್ಟಿಕೊಳ್ಳುತ್ತದೆ. ಮಲೆನಾಡಿಗೆ ಘಟಕ ಬೇಕಾಗಿರುವುದು ಎಲ್ಲವೂ ತೊಯ್ದು ತೊಪ್ಪೆಯಾಗುವ ಕಾಲದಲ್ಲೇ ಎಂಬುದು ವಿಪರ್ಯಾಸ. ಆದರೆ ಮಳೆಗಾಲಕ್ಕೆ ಮುನ್ನ ಸೌದೆ ಒಣಗಿಸಿ ಒಟ್ಟಿಡುವ ವಿದ್ಯೆಯನ್ನು ಮಲೆನಾಡಿನ ಹೆಂಗಸರಿಗೆ ಯಾವ ವಿಜ್ಞಾನಿಯೂ ಕಲಿಸಬೇಕಿಲ್ಲ. ಇಪ್ಪತ್ತು ಮನೆಗಳ ಒಂದು ಕೇರಿಗೆ ದಿನಕ್ಕೆ ಐದು ತಾಸು, ಐದು ಕಿಲೋವಾಟ್ ಎಂದಿಟ್ಟುಕೊಂಡರೆ 25 ಯೂನಿಟ್ ಆಯಿತು. ಯೂನಿಟ್ಟಿಗೆ ಒಂದೂವರೆ ಕಿಲೋ ಎಂದರೂ ದಿನಕ್ಕೆ 40 ಕಿಲೋ ಒಳಗೆ. ಮಳೆಗಾಲದ 120 ದಿನಕ್ಕೆ ಸುಮಾರು ಐದು ಟನ್. ಇದಕ್ಕೆ ಒಂದು ಮರವನ್ನೂ ಹೊಸದಾಗಿ ಕಡಿಯಬೇಕಿಲ್ಲ. ಬಚ್ಚಲ ಒಲೆ, ಅಡುಗೆ ಒಲೆಗಳನ್ನು ಅಸ್ತ್ರ ಒಲೆಯಂಥ ಮಿತವ್ಯಯದ ಒಲೆಗಳಾಗಿ ಮಾರ್ಪಡಿಸಿ ಪ್ರತಿ ಮನೆ ದಿನಕ್ಕೆ ಎರಡು ಕಿಲೋ ಉಳಿಸಿದರೆ ಆ ನಲವತ್ತು ಕಿಲೋ ಅಲ್ಲೇ ಸಿಕ್ಕಿತು. ತೆಂಗಿನ ಕರಟವಂತೂ ಗ್ಯಾಸಿಫೈಯರ್‌ಗೆ ಹೇಳಿ ಮಾಡಿಸಿದ ಇಂಧನ. ತರಗೆಲೆಯನ್ನು ಮಾತ್ರ ಮುಟ್ಟಬಾರದು. ಮಲೆನಾಡಿನವರು ದರಕು ಎನ್ನುವ ಅದು ಕೊಟ್ಟಿಗೆಗೆ ಹಾಸಾಗಿ, ಗೊಬ್ಬರವಾಗಿ ತೋಟ ಸೇರಬೇಕಾದ್ದು.

ಆತಂಕ ಇರುವುದು ಲೆಕ್ಕ ಕೈಮೀರಿದಾಗ. ಐದು ಟನ್ನಿನ ಘಟಕ ಊರಿನದು; ಐದು ಸಾವಿರ ಟನ್ ಬೇಡುವ ಸ್ಥಾವರ ಊರಿನದಾಗಿ ಉಳಿಯದು. ಅದಕ್ಕೆ ಗುತ್ತಿಗೆದಾರ ಬೇಕು, ಲಾರಿ ಬೇಕು, ಕೊನೆಗೆ ಒಂದೇ ಜಾತಿಯ ನೆಡುತೋಪು ಬೇಕು. ನೆಡುತೋಪಿಗೆ ಜಾಗ ಎಲ್ಲಿಂದ ಬರುತ್ತದೆಂಬುದನ್ನು ಕರ್ನಾಟಕ ಕಂಡಿದೆ. ಕಾರ್ಖಾನೆಯ ನೀಲಗಿರಿಗಾಗಿ 1984ರಲ್ಲಿ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಜಂಟಿಯಾಗಿ ಕರ್ನಾಟಕ ಪಲ್ಪ್‌ವುಡ್ ಕಂಪನಿಯನ್ನು ಕಟ್ಟಿದಾಗ, ದನ ಮೇಯುತ್ತಿದ್ದ, ಸೌದೆ ಸಿಗುತ್ತಿದ್ದ ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯೇ ಅದರ ಗುರಿಯಾಯಿತು. 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಗಿಡ ನೆಟ್ಟ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ಹುಟ್ಟಿದ್ದು ಇದರಿಂದಲೇ. 1991ರಲ್ಲಿ ಕಂಪನಿಯನ್ನು ಮುಚ್ಚುವ ನಿರ್ಧಾರವಾಯಿತು. 'ಹಸಿರು ವಿದ್ಯುತ್' ಎಂಬ ಹೆಸರಿನಲ್ಲಿ ಅದೇ ಭೂಮಿಯನ್ನು ಮತ್ತೆ ಕೇಳಿದರೆ ಉತ್ತರ ಬೇರೆಯಾಗಬೇಕಿಲ್ಲ.

ದೊಡ್ಡ ಜಾಲಕ್ಕೆ ಕಟ್ಟಿಕೊಂಡರೂ ಊರಿಗೆ ಬೆಳಕಿನ ಖಾತರಿಯಿಲ್ಲ. ತುಮಕೂರು ಜಿಲ್ಲೆಯ ಕಬ್ಬಿಗೆರೆಯಲ್ಲಿ ಸರ್ಕಾರಿ ಯೋಜನೆಯಡಿ ಕಟ್ಟಿದ 500 ಕಿಲೋವಾಟ್‌ನ ಗ್ಯಾಸಿಫೈಯರ್ ಸ್ಥಾವರ ವಿದ್ಯುತ್ ಕಂಪನಿಯ ತಂತಿಗೆ ಸೇರಿತ್ತು. ಇಂಥ ಜೋಡಣೆಯಲ್ಲಿ ತಂತಿ ಸತ್ತಾಗ ಸ್ಥಾವರವೂ ನಿಲ್ಲಬೇಕು. ಊರು ಕತ್ತಲಲ್ಲಿರುವಾಗಲೇ ಊರಿನ ಘಟಕವೂ ತಣ್ಣಗಿರುವುದಾದರೆ ಅದನ್ನು ಕಟ್ಟಿದ ಉದ್ದೇಶವೇನು? ಬೇಕೆಂದಾಗ ತಂತಿಯಿಂದ ಬೇರ್ಪಟ್ಟು ತಾನೇ ನಡೆಯುವ ವ್ಯವಸ್ಥೆ ಇರಲೇಬೇಕು.

ಅಪಾಯದ ಮಾತನ್ನೂ ಮರೆಯುವಂತಿಲ್ಲ. ಈ ಅನಿಲದ ಐದನೇ ಒಂದು ಪಾಲು ಇಂಗಾಲದ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಜಾಗದಲ್ಲಿ ಜೀವ ತೆಗೆಯುತ್ತದೆ. ಜಡಿಮಳೆಗೆ ಹೆದರಿ ಘಟಕದ ಮಾಡಿಗೆ ನಾಲ್ಕೂ ಕಡೆ ತಟ್ಟಿ ಕಟ್ಟುವ ಮಲೆನಾಡಿನ ಅಭ್ಯಾಸ ಇಲ್ಲಿ ಸಲ್ಲದು. ಅನಿಲ ತೊಳೆದ ಕಪ್ಪುನೀರನ್ನು ಶುದ್ಧಗೊಳಿಸದೆ ಹಳ್ಳಕ್ಕೆ ಬಿಡುವುದೂ ಸಲ್ಲದು.

ಯಂತ್ರದ ದರಪಟ್ಟಿ ತರಿಸುವುದಕ್ಕೆ ಇನ್ನೂ ಸಮಯವಿದೆ. ದೀಪಾವಳಿಯಿಂದ ಯುಗಾದಿಯವರೆಗೆ ಊರಿನ ಹತ್ತು ಮನೆಗಳಲ್ಲಿ ದಿನಕ್ಕೆಷ್ಟು ಸೌದೆ ಉರಿಯುತ್ತದೆ, ಅದು ಎಲ್ಲಿಂದ ಬರುತ್ತದೆ, ತೋಟದಲ್ಲಿ ಕೊಳೆತುಹೋಗುವ ಕರಟ, ಕಡ್ಡಿಗಳೆಷ್ಟು ಎಂಬುದನ್ನು ತೂಕದ ಕಡ್ಡಿ ಹಿಡಿದು ಬರೆದಿಡುವ ಕೆಲಸವನ್ನು ಅಲ್ಲಿನ ವಿದ್ಯಾರ್ಥಿಗಳು ಮಾಡಬಹುದು. ಗ್ರಾಮಸಭೆಯ ಮುಂದೆ ಮೊದಲು ಇಡಬೇಕಾದ ಕಾಗದ ಅದೇ.